ಯಮುನಾ ಓಟ ಬಿಟ್ಟದ್ದಲ್ಲ, ಕಾಲು ಕಟ್ಟಿಸಿದ್ದು ನಾನು

ಮಾನ್ಯ ಆಯ್ಕೆ ಸಮಿತಿಯ ಅಧ್ಯಕ್ಷರೇ,

ನಮ್ಮ ಶಾಲೆಯ ಯಮುನಾಳನ್ನು ಕ್ರೀಡಾ ವಸತಿ ಶಾಲೆಗೆ ತೆಗೆದುಕೊಳ್ಳದ ಕಾರಣವನ್ನು ತಾವು ಮುದ್ರೆ ಒತ್ತಿ ತಿಳಿಸಿದ್ದೀರಿ: ‘ಮನೋಬಲ ಸಾಲದು’. ನಾನೂರು ಮೀಟರ್ ಓಟದ ಕೊನೆಯ ತಿರುವಿನಲ್ಲಿ ಅವಳು ಕುಸಿದು ಕೂತದ್ದು ನಿಜ. ಆದರೆ ಕೈಕೊಟ್ಟದ್ದು ಮನಸ್ಸಲ್ಲ, ಕಾಲು. ಆ ಕಾಲಿಗೆ ಪಟ್ಟಿ ಬಿಗಿಯಲು ಹೇಳಿದವನು ನಾನು. ನನಗೆ ಹೇಳಿಕೊಟ್ಟವರು ತಾವು.

ತಾವೇ ನಡೆಸಿದ ಶಿಕ್ಷಕರ ಶಿಬಿರವನ್ನು ಮರೆತಿರಲಾರಿರಿ. ವಾರ್ಮ್ ಅಪ್ ಮಾಡುವಾಗ ತೊಡೆಗೆ ಪಟ್ಟಿ ಕಟ್ಟಿ ರಕ್ತದ ಓಟವನ್ನು ಸ್ವಲ್ಪ ತಡೆದರೆ, ಬಿಚ್ಚಿದ ಮೇಲೆ ಕಾಲಿನ ಓಟ ಹೆಚ್ಚುತ್ತದೆ ಎಂದು ಪರದೆಯ ಮೇಲೆ ತೋರಿಸಿದಿರಿ. ಈ ವಿದ್ಯೆಯೇ ಸುಳ್ಳು ಎನ್ನಲು ನಾನು ಯಾರು? ಬಲ್ಲವರ ಕೈಯಲ್ಲಿ ಅದಕ್ಕೊಂದು ಅಳತೆ ಇರಬಹುದು. ಆದರೆ ಅಳತೆ ತೋರಿಸುವ ಯಂತ್ರ ಊಟವಾದ ಮೇಲೆ ತಮ್ಮ ಜೀಪಿನಲ್ಲೇ ಹಿಂತಿರುಗಿತು. ನಮಗೆ ಉಳಿದದ್ದು ಪಟ್ಟಿಗಳು ಮತ್ತು ಚಪ್ಪಾಳೆ. "ಎಷ್ಟು ಬಿಗಿ ಸಾರ್?" ಎಂದು ಕೇಳಿದೆ. "ಹದವಾಗಿ" ಎಂದಿರಿ. ನಾವೇನು ಉಪ್ಪಿನಕಾಯಿ ಹಾಕುತ್ತಿದ್ದೆವೇ?

ಆ ಹದವನ್ನು ನಾನು ನಮ್ಮೂರಿನ ಮಾತಿಗೆ ಇಳಿಸಿದೆ. ಯಮುನಾಳ ಅವ್ವ ಜವರಿ, ಅಮ್ಮತ್ತಿ ಊರಿನ ಹತ್ತಿರದ ಕಾಫಿ ತೋಟದ ಕೆಲಸದವಳು. ಮಳೆಗಾಲದಲ್ಲಿ ತೋಟಕ್ಕೆ ಇಳಿಯುವವರು ರಕ್ತ ಹೀರುವ ಇಂಬಳ ಹತ್ತದಂತೆ ಕಾಲಿಗೆ ಬಟ್ಟೆ ಬಿಗಿಯುತ್ತಾರೆ. ನೂಲಿನಷ್ಟು ಸಂದಿ ಸಿಕ್ಕರೂ ಅದು ನುಗ್ಗುತ್ತದೆ. ಆಯ್ಕೆಯ ದಿನ ಹುಡುಗಿಗೆ ಅರ್ಥವಾಗಲಿ ಎಂದು, "ಇಂಬಳಕ್ಕೆ ಕಟ್ಟುವ ಹಾಗೆ ಕಟ್ಟು ಕೂಸೇ" ಎಂದುಬಿಟ್ಟೆ. ಅವಳು ಅವ್ವನಿಂದ ಕಲಿತಂತೆ ಹಲ್ಲು ಕಚ್ಚಿ ಬಿಗಿದಳು.

"ಸಾರ್, ಕಾಲು ಜೋಮು ಹಿಡೀತಾ ಉಂಟು."

"ಹಾಗೇ ಆಗ್ಬೇಕು. ಕೆಲಸ ಮಾಡ್ತಾ ಉಂಟು ಅಂತ ಅರ್ಥ."

ಕಾಲು ಅವಳದು, ಜೋಮು ಅವಳದು, ಅರ್ಥ ಹೇಳುವವನು ನಾನು. ಹೆಸರು ಕೂಗಿದಾಗ ಪಟ್ಟಿ ಬಿಚ್ಚಿಸಿ, ಮರಗಟ್ಟಿದ ಕಾಲಲ್ಲೇ ಓಡಲು ಕಳಿಸಿದೆ.

ಕಾಲಿಗೆ ಶಾಶ್ವತ ತೊಂದರೆ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅವಳು ಮತ್ತೆ ಮೊದಲಿನಂತೆ ಓಡುತ್ತಿದ್ದಾಳೆ. ತಪ್ಪು ಒಪ್ಪಿಕೊಳ್ಳಲು ತೋಟದ ಕೆಲಸಗಾರರ ಸಾಲಿನಲ್ಲಿರುವ ಅವರ ಲೈನ್‌ಮನೆಗೆ ಹೋದೆ. ಜವರಿ ನನಗೇ ಚಾಪೆ ಹಾಸಿ, "ಬೈಬೇಡಿ ಸಾರ್, ಸರಿ ಕಟ್ಟಲಿಕ್ಕೆ ನಾನೇ ಕಲಿಸಿಲ್ಲ" ಎಂದಳು. ಬಾಗಿಲ ಬಳಿ ನಿಂತಿದ್ದ ಯಮುನಾ ಕೇಳಿದಳು: "ಇನ್ನೂ ಬಿಗಿ ಕಟ್ಟಬೇಕಿತ್ತಾ ಸಾರ್?"

ಇಲ್ಲ, ತಪ್ಪು ನನ್ನದು ಎಂದೆ. ಅವಳು ನಂಬಲಿಲ್ಲ. ಸರ್ಕಾರದ ಮುದ್ರೆ ಇರುವ ಕಾಗದವೇ ತಪ್ಪು ಅವಳದೆಂದು ಹೇಳುವಾಗ, ಮೇಷ್ಟ್ರ ಮಾತು ಎಲ್ಲಿ ನಡೆದೀತು? ಆದ್ದರಿಂದ ಆ ಮಾತನ್ನು ತಾವೇ ಹೊಡೆದುಹಾಕಬೇಕು. ತಪ್ಪಿತಸ್ಥರ ಹೆಸರು ಬೇಕಿದ್ದರೆ ಮೊದಲು ನನ್ನದನ್ನು ಬರೆಯಿರಿ. ಕೆಳಗೆ ಜಾಗ ಉಳಿದರೆ ತಮ್ಮದನ್ನೂ. ಪ್ರವೇಶ ಮುಗಿಯುವ ಮೊದಲು ಅವಳನ್ನು ಇನ್ನೊಮ್ಮೆ ಓಡಿಸಿ, ಕಾಲಿಗೆ ಏನೂ ಕಟ್ಟದೆ. ಗೆಲ್ಲದಿದ್ದರೆ ಬೇಡ, ಬಿಡಿ. ಆದರೆ ಸೋತರೆ ಅದು ಅವಳದೇ ಸೋಲಾಗಲಿ, ನನ್ನದಲ್ಲ.

ಇಂತಿ,
ಓಡುವ ಮಗುವಿನ ಕಾಲು ಕಟ್ಟಿಸಿದ ದೈಹಿಕ ಶಿಕ್ಷಕ,
ತೀರ್ಥಪ್ರಸಾದ್