ಯಾವುದಕ್ಕೆ ಕೊಟ್ಟ ಬತಾ

ಫೆಬ್ರವರಿ ೧೧, ಸಂಜೆ

ಒಲೆಗೆ ಕಲ್ಲಿದ್ದಲು ತುಂಬಿದ್ದಾಯಿತು. ಐಝಿರೆಕ್ ಪಾಠಕ್ಕೆ ಬಂದಳು. ಪಕ್ಕದ ಮನೆಯ ಬಾತ್ಮಾಳ ಮೊಮ್ಮಗಳು, ಐದನೆಯ ತರಗತಿ. ತಾಯ್ತಂದೆ ಮಾಸ್ಕೋದಲ್ಲಿ ದುಡಿಯುತ್ತಾರೆ. ಉಕ್ತಲೇಖನ ಕೊಟ್ಟೆ. ಅವಳ ಎಡಕ್ಕೆ ಕುಳಿತು ಹೇಳಿದ್ದರಲ್ಲಿ ಅರ್ಧವೂ ಹಾಳೆಗೆ ಇಳಿಯಲಿಲ್ಲ. ಬಲಕ್ಕೆ ಬಂದೆ — ಒಂದು ತಪ್ಪೂ ಇಲ್ಲ.

"ಕಿವಿಗೇನಾಯ್ತು?"

"ಶಾಲೆಯ ಮೆಟ್ಟಿಲಿನ ಮೇಲೆ ಮಂಜುಗಡ್ಡೆಯಿಂದಾಗಿ ಜಾರಿ ಬಿದ್ದೆನು, ಅಗಾಯ್."

ಬಿದ್ದೆನು. ಹನ್ನೊಂದು ವರ್ಷದ ಮಗು ತಾನು 'ಅಗಾಯ್' ಎಂದು ಕರೆಯುವ ಮೇಷ್ಟರೊಡನೆಯೂ ಹಾಗೆ ಮಾತಾಡುವುದಿಲ್ಲ. ಯಾರೋ ಬಾಯಿಪಾಠ ಮಾಡಿಸಿದ ವಾಕ್ಯ.

ಫೆಬ್ರವರಿ ೧೩

ಬಾತ್ಮಾಳೂ ಅದೇ ವಾಕ್ಯ ಒಪ್ಪಿಸಿದಳು. ಅದೇ 'ಮಂಜುಗಡ್ಡೆಯಿಂದಾಗಿ'.

ಹುಡುಗಿಯನ್ನು ಡಾಕ್ಟರ ಬಳಿಗೆ ಕರೆದೊಯ್ದೆ. ಎಡಗಿವಿಯ ತಮಟೆ ಹರಿದಿದೆ. ಡಾಕ್ಟರು ಮೆಲ್ಲಗೆ ಹೇಳಿದರು: "ಬಿದ್ದರೆ ಹೀಗಾಗಲ್ಲ ಅಗಾಯ್. ಕೆನ್ನೆಗೆ ಬಿದ್ದ ಏಟು. ನನ್ನ ಹೆಸರು ಮಾತ್ರ ಎತ್ತಬೇಡಿ."

ದಾರಿಯಲ್ಲಿ ಬಲಗಿವಿಯ ಹತ್ತಿರ ಬಾಗಿ, ಹೊಡೆದವರು ಯಾರೆಂದು ಕೇಳಿದೆ.

"ಮೆಲಿಸ್ ಅಗಾಯ್. ಲೆಕ್ಕ ತಪ್ಪಾಯ್ತು ಅಂತ. ಹೇಳಿದ್ರೆ ಅಜ್ಜಿಗೂ ತೊಂದ್ರೆ ಅಂದ್ರು."

ಮೆಲಿಸ್ — ಅವಳ ಲೆಕ್ಕದ ಮೇಷ್ಟ್ರು, ನನ್ನಲ್ಲೇ ಅಕ್ಷರ ಕಲಿತವನು. ಜಿಲ್ಲಾ ಶಿಕ್ಷಣ ಕಚೇರಿಗೆ ದೂರು ಕಳುಹಿಸಿದೆ. ಹೆಸರು ಗುಪ್ತವಾಗಿಡುತ್ತೇವೆ ಎಂದರು.

ಫೆಬ್ರವರಿ ೨೦

ಗುಪ್ತವಂತೆ. ಅಂಗಡಿಯ ಸೋನುನ್ ಸಕ್ಕರೆ ತೂಗುತ್ತ ಕೇಳಿದಳು: "ನಿವೃತ್ತಿ ಆದ್ಮೇಲೂ ಇನ್‌ಸ್ಪೆಕ್ಟರ್ ಕೆಲ್ಸ ಸಿಕ್ತಂತಲ್ಲ, ಅಗಾಯ್?" ಸಾಲಿನಲ್ಲಿದ್ದವರು ನಕ್ಕರು. ಒಬ್ಬಳು ಮಾತ್ರ ನಗಲಿಲ್ಲ. ಅವಳ ಮಗನೂ ಮೆಲಿಸನ ಕ್ಲಾಸಿನಲ್ಲೇ ಇದ್ದಾನೆ.

ಹೆಡ್‌ಮಾಸ್ಟರ್ ಅಸನಾಲಿ ರಸ್ತೆಯ ಆಚೆಯಿಂದಲೇ ಟೋಪಿ ತೆಗೆದು ನಮಸ್ಕರಿಸಿದ. ಈ ಊರಿಗೆ ಬಂದು ಎರಡು ವರ್ಷ. ಇದುವರೆಗೆ ಟೋಪಿ ತೆಗೆದವನಲ್ಲ.

ಫೆಬ್ರವರಿ ೨೪

ಅಸನಾಲಿಯ ಮನೆಯಲ್ಲಿ ಊಟ. ತೀರಿಕೊಂಡ ತಾಯಿಯ ನೆನಪಿಗೆ, ಹಿರಿಯರು ಬರಲೇಬೇಕು ಎಂದು ಕರೆದಿದ್ದ. ಇಲ್ಲವೆನ್ನುವುದು ಹೇಗೆ. ಹೋದರೆ ಬಾತ್ಮಾಳೂ ಕುಳಿತಿದ್ದಾಳೆ, ತಲೆ ತಗ್ಗಿಸಿ. ಕೈಗೆ ನೀರು ಹಾಕಿದವನು ಮೆಲಿಸ್. ಹಿರಿಯರಿಗೆ ಸಲ್ಲುವ ಕುರಿಯ ತಲೆಯನ್ನು ನನ್ನ ಮುಂದೆಯೇ ಇಟ್ಟರು.

ಕೊನೆಯಲ್ಲಿ ಅಸನಾಲಿ: "ಬತಾ ಕೊಡಿ, ಅಗಾಯ್."

ಹಿರಿಯರು ಕೊಟ್ಟ ಆ ಹಾರೈಕೆಯನ್ನು ಆಮೇಲೆ ಯಾರೂ ಮೀರುವುದಿಲ್ಲ. ಅಂಗೈ ತೆರೆದು ಹರಸಿದೆ. ಹೋದವರಿಗೆ ಶಾಂತಿ, ಇದ್ದವರಲ್ಲಿ ಸಾಮರಸ್ಯ... ಓಮಿನ್. ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು. ಅಸನಾಲಿ ದೀರ್ಘವಾಗಿ ಉಸಿರು ಬಿಟ್ಟ. ತಾಯಿಯ ನೆನಪಿನಲ್ಲಿ ಬಿಟ್ಟ ಉಸಿರಿನಂತೆ ಇರಲಿಲ್ಲ.

ಫೆಬ್ರವರಿ ೨೫

ಬೇಲಿಯ ಬಳಿ ಬಾತ್ಮಾ. "ರಾಜಿ ಪತ್ರಕ್ಕೆ ಸೈ ಹಾಕ್ದೆ, ಅಗಾಯ್. ನೀವೇ ಬತಾ ಕೊಟ್ಮೇಲೆ ನಾನ್ಯಾವಳು ಬೇಡ ಅನ್ನಕ್ಕೆ?"

"ಅದು ಅಸನಾಲಿಯ ಸತ್ತ ತಾಯಿಗೆ ಕೊಟ್ಟದ್ದು."

"ಸತ್ತ? ಆ ಮುದುಕಿ ತಲಾಸ್‌ನಲ್ಲಿ ಮಗಳ ಮನೇಲಿ ಗಟ್ಟಿಯಾಗವಳೆ. ನನಗೆ ರಾಜಿ ಊಟ ಅಂತ್ಲೇ ಹೇಳಿದ್ರು."

ನನಗೊಂದು ಊಟ, ಅವಳಿಗೊಂದು ಊಟ. ಕುರಿ ಒಂದೇ.

ಸೋಮವಾರದಿಂದ ಹುಡುಗಿ ಮತ್ತೆ ಮೆಲಿಸನ ಕ್ಲಾಸಿಗೆ.

ಮಾರ್ಚ್ ೩

ಜಿಲ್ಲಾ ಕಚೇರಿ. ಅಧಿಕಾರಿ ನಕ್ಕ. "ಕೊಟ್ಟ ಬತಾ ವಾಪಸ್ ತಗೊಳ್ಳೋದಕ್ಕೆ ನಮ್ಮಲ್ಲಿ ಅವಕಾಶ ಇಲ್ವಲ್ಲ, ಅಗಾಯ್."

"ಬತಾ ಸುಳ್ಳು ಸಾವಿಗೆ ಕೊಟ್ಟದ್ದು. ಕಿವಿ ಹರಿದದ್ದು ನಿಜ. ಮಗುವನ್ನೇ ಕೇಳಿ."

ಒಪ್ಪಿಬಿಟ್ಟ. ಇಷ್ಟು ಸುಲಭಕ್ಕೆ ಏಕೆ? ಅವಳು 'ಬಿದ್ದೆನು' ಎಂದೇ ಹೇಳುತ್ತಾಳೆಂಬ ಭರವಸೆ ಇರಬೇಕು.

ಊಟದ ಮೋಸ ತಿಳಿದ ಮೇಲೆ ಬಾತ್ಮಾಳೂ ನನ್ನ ಕಡೆ. ಕೇಳಿದಳು, "ಏನು ಹೇಳ್ಬೇಕು ಅಂತ ಮಗೂಗೆ ನೀವೇ ಕಲಿಸ್ಕೊಡಿ." ಕಲಿಸಲಿಲ್ಲ. ಅವಳಿಗೆ ಇನ್ನೊಬ್ಬರ ವಾಕ್ಯ ಬೇಡ.

ಮಾರ್ಚ್ ೫, ಕಚೇರಿಯ ಮೊಗಸಾಲೆ

ಐಝಿರೆಕ್ ಒಳಗೆ, ವಿಚಾರಣೆಯ ಕಮಿಷನ್ನಿನ ಮುಂದೆ, ಅಜ್ಜಿಯೊಡನೆ. ನನಗೆ ಪ್ರವೇಶವಿಲ್ಲ. ಎದುರು ಬೆಂಚಿನಲ್ಲಿ ಮೆಲಿಸ್. "ಈ ಕಡೆ ಬನ್ನಿ ಅಗಾಯ್, ಅಲ್ಲಿ ಗಾಳಿ ಹೊಡೀತದೆ" ಎಂದ. ಕದಲಲಿಲ್ಲ. ಅವನು ಈ ಬರವಣಿಗೆಯನ್ನೇ ನೋಡುತ್ತಿದ್ದಾನೆ. ನೋಡಲಿ.

ಒಳಗಿನಿಂದ ಈಗ ಹುಡುಗಿಯ ಸಣ್ಣ ದನಿ, ಪದಗಳು ಕೇಳಿಸವು. ನಂತರ ಕಮಿಷನ್ನಿನ ಹೆಂಗಸು, ಸ್ಪಷ್ಟವಾಗಿ:

"ಯಾವ ಕೈಯಲ್ಲಿ ಹೊಡೆದ್ರಮ್ಮಾ?"

ಮೆಲಿಸ್ ಎದ್ದು ನಿಂತ. ಬಲಗೈಯನ್ನು ಕೋಟಿನ ಜೇಬಿನಲ್ಲಿ ಅಡಗಿಸಿದ.