ಮುಂದೂ ಹಿಂದೂ ಇಲ್ಲದ ದೋಣಿ

ದಢೇಸುಗೂರು, ಹೊಳೆದಂಡೆ
೪ ಜುಲೈ ೧೯೪೬

ಪ್ರೀತಿಯ ಅಪ್ಪಾ,

ನಿನ್ನ ಮಂಡಿನೋವು ಹೇಗಿದೆ? ದೋಣಿ ನಡೆಸಲೆಂದು ಅಣೆಕಟ್ಟಿಗೆ ಕರೆದವರು ದೋಣಿಯನ್ನೇ ಕೊಡಲಿ, ಕಲ್ಲು ಹೊರಲು ಒಪ್ಪಬೇಡ. ಅವ್ವ ಆರಾಮ. ಗಾಳೆಮ್ಮಕ್ಕನಿಗೆ ಒಂಬತ್ತು ತಿಂಗಳು ತುಂಬಿದರೂ ನಡುಗಡ್ಡೆಯ ಗಂಡನ ಮನೆಯಲ್ಲೇ ಇದ್ದಾಳೆ. ಸೂಲಗಿತ್ತಿ ಮಾಬುಬೀ ಇರುವುದು ಈ ದಂಡೆಯಲ್ಲಿ. ಹೊಳೆ ದಿನಕ್ಕೊಂದು ಗೇಣು ಏರುತ್ತಿದೆ. ನನ್ನ ತಲೆ ಕೆಟ್ಟಿರುವುದು ಇದಕ್ಕೇ.

ನಮ್ಮ ಬುಟ್ಟಿಯಂಥ ಹರಗೋಲು ಸೆಳವಿಗೆ ಸಿಕ್ಕರೆ ಬುಗುರಿಯಾಗುತ್ತದೆ, ದಡ ಮುಟ್ಟುವಷ್ಟರಲ್ಲಿ ಮೈಲು ಕೆಳಗಿರುತ್ತೇವೆ. ಅದಕ್ಕೇ, ಮುಳುಗುವವರನ್ನು ಬೇಗ ಎತ್ತುವ ದೋಣಿಯ ಬಗ್ಗೆ ಬಳ್ಳಾರಿಯಿಂದ ಕಿರುಹೊತ್ತಿಗೆ ತರಿಸಿ ಓದಿ, ನಾನೇ ಕಟ್ಟಿದೆ. ಮೊದಲನೆಯದು ಮಗುಚಿತು. ಎರಡನೆಯದರ ಹೊಲಿಗೆ ಬಿಚ್ಚಿತು. ಮೂರನೆಯದು ತೇಲಿತು! ಹನ್ನೆರಡು ಮೊಳ ಉದ್ದ, ಎರಡೂ ತುದಿ ಚೂಪು, ಮಗುಚದಂತೆ ಪಕ್ಕಕ್ಕೆ ಒಣಗಿದ ಸೋರೆಬುರುಡೆ. ತಿರುಗಿಸುವ ಗೋಜೇ ಇಲ್ಲ, ಹೋದ ಹಾಗೇ ಹಿಂದಕ್ಕೆ ಬರಬಹುದು.

ಅದೇ ಮುಳುವಾಯಿತು. ಪರೀಕ್ಷೆಗೆ ಊರಗೌಡರನ್ನು ಕೂರಿಸಿದೆ. ಅವರು ಮುಂದೆ, ಲಾಳ ಕಟ್ಟುವ ದಸ್ತಗೀರ್‌ಸಾಬ್ ಹಿಂದೆ. ಬಾಣದಂತೆ ಹೋದೆವು. ಬರುವಾಗ ಹಿಂದಿನ ತುದಿ ಮುಂದಾಯಿತು, ಗೌಡರು ಹಿಂದಾದರು. ದಂಡೆಯ ಮೇಲೆ ನರಸಣ್ಣ ಕಾಕಾ ಸುಮ್ಮನಿರಬೇಕಲ್ಲ, “ಏನ್ ಗೌಡ್ರ, ದಸ್ತಗೀರನ ಬೆನ್ನಿಂದ ಬರಾಕತ್ತೀರಿ!” ಅಂದುಬಿಟ್ಟ. ಗೌಡರು ಇಳಿದವರೇ, “ಈ ದೋಣಿ ನಮ್ಮ ಘಾಟಿನ್ಯಾಗ ಇಳದ್ರ ಸುಟ್ಟಬಿಡ್ತೀನಿ ಲೇ” ಅಂದರು. ದುಂಡನೆಯ ಹರಗೋಲಿನಲ್ಲಿ ಮುಂದೂ ಇಲ್ಲ ಹಿಂದೂ ಇಲ್ಲ ಎಂಬುದು, ಸಮಾನತೆಯ ಬಗ್ಗೆ ಇಷ್ಟೆಲ್ಲ ಓದಿದ ನನಗೆ ಹೊಳೆದೇ ಇರಲಿಲ್ಲ. ಮುಳುಗುವವನಿಗೆ ಯಾವ ಮುಂದು, ಯಾವ ಹಿಂದು, ನೀನೇ ಹೇಳು!

ಕಾಕಾ ನೀರು ಇಳಿಯಲಿ ಅನ್ನುತ್ತಾನೆ. ಮಗು ನೀರು ಕೇಳಿ ಹುಟ್ಟುತ್ತದೆಯೇ? ಇನ್ನು ಅಕ್ಕ! ಒಬ್ಬನೇ ಹರಗೋಲಿನಲ್ಲಿ ನಡುಗಡ್ಡೆಗೆ ಹೋಗಿ, ನನ್ನ ದೋಣಿ ಹತ್ತು ಎಂದು ಕಾಲು ಹಿಡಿದೆ. ಪರೀಕ್ಷೆಯ ದಿನವೇ ಅದನ್ನು ಅಲ್ಲಿಂದ ನೋಡಿದ್ದಳು. “ಚಟ್ಟ ಇದ್ದಂಗ ಐತಿ. ಇದರಾಗ ಕುಂತ ಹೋಗೂದಲ್ಲಪಾ, ಮಲಗಿ ಹೋಗೂದು. ಅಪ್ಪ ಬರಲಿ, ಹತ್ತೀನಿ” ಅಂದಳು. ಭಾವ ಹಲ್ಲು ಕಿರಿದ. ಇವರಿಗಾಗಿ ನಾನು ಮೂರು ದೋಣಿ ಕಟ್ಟಿದೆ!

ಕೆಲಸ ಬಿಟ್ಟು ಕೂಡಲೇ ಹೊರಟು ಬಾ. ಈ ಕಾಗದ ಓದಿ ಹೇಳುವ ಹುಸೇನಬಾಷಾ ಅಣ್ಣನಿಗೆ ನನ್ನ ಸಲಾಮು. ಅವ್ವ ನಿನ್ನನ್ನು ನೆನೆಯುತ್ತಾಳೆ.

ನಿನ್ನ ಮಗ,
ಅಂಬಪ್ಪ

ತಾ.ಕ.: ಹುಸೇನಬಾಷಾ ಅಣ್ಣಾ, ಇದನ್ನು ಅಪ್ಪ ಉಂಡ ಮೇಲೆ ಓದು. ಅಪ್ಪಾ, ಬೆಳಗ್ಗೆ ನೀರು ಅಕ್ಕನ ಅಂಗಳಕ್ಕೆ ಬಂತು. ಗೌಡರನ್ನು ಕೇಳದೆ ದೋಣಿ ಇಳಿಸಿದೆ. ಅಕ್ಕ ಆಗಲೂ, “ಅಪ್ಪ ಇಲ್ಲಾಂದ್ರ ಅಪ್ಪನ ಹುಟ್ಟಾದ್ರೂ ತಾ” ಅಂದಳು. ವಾಪಸ್ ಬಂದು ಅಟ್ಟದ ಮೇಲಿದ್ದ, ನೀನು ಹರಗೋಲು ನಡೆಸುವ ಹುಟ್ಟು ಇಳಿಸಿದೆ. ನನ್ನ ದೋಣಿಗೆ ಅದು ಬಲು ಉದ್ದ. ಗರಗಸದಿಂದ ಮೇಲಿನ ಎರಡು ಮೊಳ ಕತ್ತರಿಸಿದೆ. ನಿನ್ನ ಕೈ ಸವೆಸಿದ ಹಿಡಿಯೇ ಹೋಯಿತು. ಬೈಯುವುದಿದ್ದರೆ ಬಂದು ಬೈ. ಎರಡೂ ತುಂಡು ಕಂಡ ಮೇಲೆಯೇ ಅಕ್ಕ ದೋಣಿ ಹತ್ತಿದಳು. ಈಗ ಮಾಬುಬೀ ಮನೆಯಲ್ಲಿದ್ದಾಳೆ, ನೋವು ಶುರುವಾಗಿದೆ. ಆ ಹಿಡಿಯ ತುಂಡನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ, ಬಿಡಿಸಲು ಹೋದರೆ ಒದೆಯುತ್ತಾಳೆ.