ಆರೂವರೆಯ ಕೆಂಪು ದೀಪ

ಕಂಬಂ
16-11-2025, ಭಾನುವಾರ

ಅಳಗಮ್ಮಾಳಿಗೆ,

ನಿನ್ನ ಅತ್ತಿಗೆ ಕಮಲಮ್ಮಾಳ್ ಬರೆಯುತ್ತಿದ್ದೇನೆ. ವೇದಸಂದೂರಿನಲ್ಲಿ ನೀನೂ ನಿನ್ನ ಯಜಮಾನರೂ ಮಗು ನಿವೇತಾಳೂ ಸುಖವಾಗಿದ್ದೀರಿ ಎಂದುಕೊಳ್ಳುತ್ತೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವಾದರೆ ಬಿಸಾಡುವ ಮುಂಚೆ ಒಡೆದಾದರೂ ನೋಡುತ್ತೀಯ.

ನಾನು ಇದ್ದೇನೆ. ದ್ರಾಕ್ಷಿ ಚಪ್ಪರದ ಬಳ್ಳಿ ಕತ್ತರಿಸುವ ಕೆಲಸ ಮುಗಿಯಿತು. ಹೊತ್ತಿಗೆ ಉಣ್ಣುತ್ತೇನೆ, ಏನು ಉಂಡೆ ಎಂದು ಕೇಳಿದರೆ ಹೇಳಲಾರೆ. ಆಡಿ ತಿಂಗಳಲ್ಲಿ ನಿನ್ನ ಅಣ್ಣ ಹೋದಾಗ ಹೆಂಗಸರೆಲ್ಲ ನನ್ನನ್ನು ಹಿಡಿದು ಅಲ್ಲಾಡಿಸಿದರು. ಪಕ್ಕದ ಮನೆಯ ಮಾರಿಯಮ್ಮಾಳ್ ಅಂತೂ, "ಅಳುಡೀ, ಅತ್ತು ಬಿಡು, ಇಲ್ದಿದ್ರೆ ಕಲ್ಲಾಗಿ ಹೋಗ್ತೀಯ" ಎಂದು ಬೈದೇ ಬಿಟ್ಟಳು. ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಅಂದು ನೀನು ಬಾಗಿಲ ಬಳಿ ನಿಂತು, ಅಣ್ಣನ ಮುಖ ನೋಡಿ, ನೀರೂ ಕುಡಿಯದೆ ಬಸ್ಸು ಹತ್ತಿದೆ. ಅದನ್ನೂ ನಾನು ಬೇರೆ ಯಾರದೋ ಮನೆಯಲ್ಲಿ ನಡೆದದ್ದರಂತೆ ನೋಡುತ್ತಾ ಕೂತಿದ್ದೆ.

ಈಗ ಹೇಳಹೊರಟಿದ್ದು ಟೀವಿ ಪೆಟ್ಟಿಗೆಯ ಕಥೆ. ನಗಬೇಡ, ಪೂರ್ತಿ ಓದು.

ನಮ್ಮ ಟೀವಿಯ ಕೆಳಗೆ ಕೇಬಲ್‌ನವರ ಪೆಟ್ಟಿಗೆ ಇದೆಯಲ್ಲ, ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿ ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುವಂಥದ್ದು. ದಿನವೂ ಸಂಜೆ ಆರೂವರೆಯ ಬೇಸಾಯದ ಕಾರ್ಯಕ್ರಮವನ್ನು ತಾನಾಗಿ ರೆಕಾರ್ಡ್ ಮಾಡುವಂತೆ ನಿನ್ನ ಅಣ್ಣ ಅದಕ್ಕೆ ಒಮ್ಮೆ ಹೇಳಿಟ್ಟಿದ್ದರು. ಹೇಳಿದವರು ಹೋದರು. ಪೆಟ್ಟಿಗೆಗೆ ಅದು ಗೊತ್ತಿಲ್ಲ. ಇಂದಿಗೂ ಆರೂವರೆಗೆ ಕೆಂಪು ದೀಪ ಹತ್ತುತ್ತದೆ, ಏಳಕ್ಕೆ ಆರುತ್ತದೆ. ಆ ಅರ್ಧ ಗಂಟೆ ನಾನು ಟೀವಿ ಹಾಕದೆ ಆ ದೀಪದ ಮುಂದೆ ಕೂರುತ್ತೇನೆ.

ದೀಪಾವಳಿ ಕಳೆದ ವಾರ ತೆರೆಯ ಮೇಲೆ ಒಂದು ಸಾಲು ಬಂತು. ಪೆಟ್ಟಿಗೆ ತುಂಬಿದೆ, ಇನ್ನು ಹೊಸದಕ್ಕೆ ಜಾಗ ಮಾಡಲು ಹಳೆಯದನ್ನು ಒಂದೊಂದಾಗಿ ಅಳಿಸುತ್ತೇನೆ ಎಂದು. ಮೊದಲ ಸಂಜೆ ತೆಂಗಿನ ಬಿಳಿನೊಣದ ಕಾರ್ಯಕ್ರಮ ಹೋಯಿತು. ಮರುದಿನ ಬಾಳೆಯ ಕಾಯಿಲೆ ಹೋಯಿತು. ಅವನ್ನು ನಾನು ಯಾವತ್ತೂ ನೋಡಿದವಳಲ್ಲ. ಆದರೂ ಮನೆಯೊಳಗಿಂದ ಯಾರೋ ದಿನಕ್ಕೊಂದು ಸಾಮಾನು ಹೊರಗೆ ಸಾಗಿಸುತ್ತಿದ್ದಾರೆ, ನಾನು ಕೂತು ನೋಡುತ್ತಿದ್ದೇನೆ ಅನ್ನಿಸಿತು.

ಮಾರಿಯಮ್ಮಾಳ್ ಹೇಳಿದಳು, "ಯಾರು ನೋಡಕ್ಕೆ ಅದು? ಒಂದು ಬಟನ್ ಒತ್ತಿ ನಿಲ್ಸಿ ಬಿಡು." ನಿಜ, ಒಂದೇ ಬಟನ್ನು. ಆದರೆ ನಿನ್ನ ಅಣ್ಣ ಹೇಳಿಟ್ಟ ಕೆಲಸಗಳಲ್ಲಿ ಇನ್ನೂ ನಡೆಯುತ್ತಿರುವುದು ಅದೊಂದೇ. ನಿಲ್ಲಿಸಲು ಕೈ ಬರಲಿಲ್ಲ. ಹಳೆಯದು ಹೋಗಲಿ ಎನ್ನಲೂ ಬಾಯಿ ಬರಲಿಲ್ಲ.

ಕೇಬಲ್ ವಿಘ್ನೇಶ್ವರನ್ ಗೊತ್ತಲ್ಲ, ಲೈನ್ ಕೆಟ್ಟರೆ ಬೈಗುಳ ತಿನ್ನಲೆಂದೇ ಹುಟ್ಟಿದವನು, ಅವನಿಗೆ ಫೋನ್ ಮಾಡಿದೆ. ಪೆಟ್ಟಿಗೆಯ ಹಿಂದೆ ಹೊರಗಿನಿಂದ ಒಂದು ಹಾರ್ಡ್ ಡಿಸ್ಕ್ ಚುಚ್ಚಿದರೆ ಸಾಕು, ಜಾಗ ಸಿಗುತ್ತದೆ ಎಂದ. ತೇನಿಗೆ ಹೋಗಿ ತಂದೆ. ಸಾಬೂನಿನ ಡಬ್ಬಿಯಷ್ಟು ಇದೆ. ಚುಚ್ಚಿದ ಕೂಡಲೇ ತೆರೆಯ ಮೇಲೆ ಪ್ರಶ್ನೆ ಬಂತು: ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಗಬಹುದೇ? ಪೆಟ್ಟಿಗೆಯಲ್ಲಿರುವುದೇ ಹೋಗುತ್ತದೆ ಅಂದುಕೊಂಡೆ. ಬೇಡ ಎಂದು ಒತ್ತಿದೆ. ಮರುದಿನವೂ ಬೇಡ. ಹೀಗೆ ನಾಲ್ಕು ಸಂಜೆ.

ಐದನೆಯ ದಿನ ವಿಘ್ನೇಶ್ವರನ್ ತಾನೇ ಬಂದು ನೋಡಿ ನಕ್ಕ. "ಅಕ್ಕಾ, ಅದು ಕೇಳೋದು ಹೊಸ ಡಿಸ್ಕಿನ ವಿಷಯ. ಪೆಟ್ಟಿ ಒಳಗಿರೋದನ್ನ ಮುಟ್ಟಲ್ಲ. ಹೊಸ ಮಡಕೇನ ಒಲೆಗಿಡೋ ಮುಂಚೆ ತೊಳೀತೀಯಲ್ಲ, ಅಷ್ಟೇ. ಬ್ಯಾಡ ಬ್ಯಾಡ ಅಂತ ಒತ್ತಿ ನೀನೇ ನಾಲ್ಕನ್ನ ಮನೆಬಿಟ್ಟು ಓಡಿಸಿದ್ಯಲ್ಲ!" ಆಗಲಿ ಎಂದು ಅವನೇ ಒತ್ತಿದ. ಡಿಸ್ಕು ತೊಳೆದಂತಾಯಿತು. ಆಮೇಲೆ ಹಳೆಯವನ್ನೆಲ್ಲ ಪೆಟ್ಟಿಗೆಯಿಂದ ಅದಕ್ಕೆ ಸಾಗಿಸಲು ಹಚ್ಚಿದ. ಎರಡು ಮಾತು ಗಟ್ಟಿಯಾಗಿ ಹೇಳಿದ. ಕೆಂಪು ದೀಪ ಉರಿಯುವಾಗ ಡಿಸ್ಕನ್ನು ಕೀಳಬಾರದು. ಈ ಡಿಸ್ಕು ಈ ಪೆಟ್ಟಿಗೆಗೆ ಮಾತ್ರ ಬಾಯಿ ಬಿಡುತ್ತದೆ, ಬೇರೆ ಮನೆಯ ಪೆಟ್ಟಿಗೆಗೆ ಚುಚ್ಚಿದರೆ ಏನೂ ಕಾಣುವುದಿಲ್ಲ.

ಈಗ ಎಲ್ಲ ಭದ್ರವಾಗಿದೆ. ಹೋದ ಆರನ್ನು ಬಿಟ್ಟರೆ ಮಿಕ್ಕದ್ದೆಲ್ಲ ಇದೆ.

ಇಷ್ಟು ಬರೆದ ಮೇಲೆ ನಿವೇತಾಳ ಕಿವಿ ಚುಚ್ಚಿದ ದಿನದ ಮಾತು ಬಾರದೆ ಇರುವುದಿಲ್ಲ. ನಮಗೆ ಮಕ್ಕಳಿಲ್ಲ, ಅವಳಿಗೆ ಬೇರೆ ಸ್ವಂತ ಸೋದರಮಾವನಿಲ್ಲ. ನಿನ್ನ ಅಣ್ಣನ ತೊಡೆಯ ಮೇಲೆ ಕೂತೇ ಅವಳು ಕಿವಿ ಚುಚ್ಚಿಸಿಕೊಳ್ಳಬೇಕಿತ್ತು. ಆದರೆ ನಿಮ್ಮ ಚಿಕ್ಕಪ್ಪನ ಮಗ ಅಜಿತ್‌ಕುಮಾರನಿಗೆ ದಿಂಡಿಗಲ್ಲಿನಲ್ಲಿ ಫ್ಲೆಕ್ಸ್ ಅಂಗಡಿ. ಕಪ್ಪು ಕನ್ನಡಕದ ತನ್ನ ಫೋಟೋ ದೊಡ್ಡದಾಗಿ ಹಾಕಿ, ಮಾವಂದಿರ ಸಾಲಿನಲ್ಲಿ ತನ್ನ ಹೆಸರು ಮೊದಲು, ಅಯ್ಯಾವು ಎಂಬ ನಿನ್ನ ಅಣ್ಣನ ಹೆಸರು ಮೂರನೆಯದು ಎಂದು ಅಚ್ಚು ಹಾಕಿಸಿದ. ಲೋಕಲ್ ಚಾನಲ್‌ನಲ್ಲಿ ನೇರ ಪ್ರಸಾರಕ್ಕೂ ಅವನೇ ಏರ್ಪಾಡು ಮಾಡಿದ. ನಿನ್ನ ಅಣ್ಣ ಹೋಗಲಿಲ್ಲ, ನನ್ನನ್ನೂ ಕಳಿಸಲಿಲ್ಲ. ನಾನು ಮುನಿಸಿಕೊಂಡು ತವರಿಗೆ ಹೋದೆ. ಕೊನೆಗೆ ಮಗು ಕೂತದ್ದು ಅಜಿತ್‌ಕುಮಾರನ ತೊಡೆಯ ಮೇಲೆ.

ಆ ದಿನ ಅವರು ಆಂಡಿಪಟ್ಟಿ ಸಂತೆಯಲ್ಲಿದ್ದರು ಎಂದು ನಿನಗೆ ಹೇಳಿದವಳು ನಾನೇ. ನನಗೆ ಅವರು ಹೇಳಿದ್ದೂ ಅದನ್ನೇ. "ನನ್ನ ಮಗು ಕಿವಿಗಿಂತ ಸಂತೆ ಮೇಕೆ ದೊಡ್ದಾಯ್ತಾ ಅವನಿಗೆ?" ಎಂದು ನೀನು ಫೋನಿಟ್ಟವಳು ಆರು ವರ್ಷ ಮಾತಾಡಲಿಲ್ಲ. ತಪ್ಪು ಯಾರದು ಎಂದು ತೂಗುವ ಶಕ್ತಿ ನನಗೆ ಈಗ ಇಲ್ಲ. ಮಗುವಿಗೆ ನನ್ನ ಆಶೀರ್ವಾದ ಹೇಳು.

ನಿನ್ನ ಅತ್ತಿಗೆ,
ಕಮಲಮ್ಮಾಳ್

ಸಹಿ ಹಾಕಿದ ಮೇಲೆ ಇನ್ನೊಂದು ಮಾತು:

ಹಳೆಯವನ್ನು ಸಾಗಿಸುವಾಗ ವಿಘ್ನೇಶ್ವರನ್ ಒಂದು ಕಡೆ ಬೆರಳಿಟ್ಟು, "ಅಕ್ಕಾ, ಇದೊಂದಕ್ಕೆ ಅಣ್ಣ ಬೀಗ ಹಾಕವ್ರೆ" ಎಂದ. ಬೀಗದ ಗುರುತಿದ್ದದ್ದನ್ನು ಪೆಟ್ಟಿಗೆ ಎಷ್ಟೇ ತುಂಬಿದರೂ ಅಳಿಸುವುದಿಲ್ಲವಂತೆ. ಇಷ್ಟು ನೂರಾರು ಕಾರ್ಯಕ್ರಮಗಳಲ್ಲಿ ಗುರುತು ಇದ್ದದ್ದು ಅದೊಂದಕ್ಕೇ. ದಿಂಡಿಗಲ್ ಲೋಕಲ್ ಚಾನಲ್, ತಾರೀಖು 25-8-2019, ಕಿವಿ ಚುಚ್ಚಿದ ದಿನ. ಅವನು ತಾರೀಖು ನೋಡಿದ, ನನ್ನನ್ನು ನೋಡಿದ, ಸ್ಕೂಟರ್ ಹತ್ತಿದ.

ನೋಡುವವರು ಎಲ್ಲಿ ನಿಲ್ಲಿಸಿದರೋ ಆ ಚಿತ್ರವನ್ನು ಪೆಟ್ಟಿಗೆ ನೆನಪಿಟ್ಟುಕೊಂಡಿರುತ್ತದೆ. ಒತ್ತಿದೆ. ಬೋಳು ತಲೆಗೆ ಗಂಧ ಹಚ್ಚಿಕೊಂಡು ನಿವೇತಾ ಅಜಿತ್‌ಕುಮಾರನ ತೊಡೆಯ ಮೇಲೆ ಕೂತಿದ್ದಾಳೆ. ಅಕ್ಕಸಾಲಿ ಆಚಾರಿಯ ಕೈ ಕಿವಿಯ ಹತ್ತಿರ ಬಂದಿದೆ, ಇನ್ನೂ ತಾಗಿಲ್ಲ. ನಿನ್ನ ಅಣ್ಣ ಅಲ್ಲಿಗೆ ನಿಲ್ಲಿಸಿದ್ದಾರೆ.

ಮುಂದುವರಿಸಲೇ ಎಂದು ಪೆಟ್ಟಿಗೆ ಕೇಳಿತು. ಬೇಡ ಎಂದು ಒತ್ತಿದೆ. ನೀನು ಮಗುವನ್ನು ಕರೆದುಕೊಂಡು ಬಾ. ಅದು ಈ ಮನೆಯಲ್ಲಿ ಮಾತ್ರ ಕಾಣುತ್ತದೆ.